ಘಟ್ಟದ ಮೇಲಿನ ಶಾಲೆಗೂ ಬರಲಿ ಮಾತಿನ ಚಿಕಿತ್ಸೆ

ಮಗು ಉಗ್ಗುತ್ತದೆ, ಇಲ್ಲವೇ ನಾಲ್ಕು ವರ್ಷವಾದರೂ ಎರಡು ಪದ ಕೂಡಿಸಿ ಆಡುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಬಜೆ ತೇಯ್ದು ನಾಲಿಗೆಗೆ ಸವರುವುದುಂಟು. ‘ಗಂಡುಹುಡುಗರಿಗೆ ಮಾತು ತಡ’ ಎಂಬ ಹಿರಿಯರ ಸಮಾಧಾನವೂ ಇರುತ್ತದೆ. ಶಾಲೆಗೆ ಸೇರಿದ ಮೇಲೆ ಅಕ್ಕೋರಿಗೆ ಅನುಮಾನ ಬಂತು ಅನ್ನಿ, ತೋರಿಸುವುದೆಲ್ಲಿ? ಜಿಲ್ಲಾ ಕೇಂದ್ರ ಕಾರವಾರ ಘಟ್ಟ ಇಳಿದು ಹೋಗಬೇಕಾದ ಊರು, ಶಿರಸಿಯಿಂದ ನೂರು ಕಿಲೊಮೀಟರಿಗೂ ಹೆಚ್ಚು ದೂರ. ಮಾತಿನ ಚಿಕಿತ್ಸೆಯೋ, ಒಮ್ಮೆ ತೋರಿಸಿ ಔಷಧ ತಂದರೆ ಮುಗಿಯುವಂಥದ್ದಲ್ಲ. ತಿಂಗಳುಗಟ್ಟಲೆ, ಬಿಡದೆ ನಡೆಯಬೇಕು. ಕೂಲಿ ಬಿಟ್ಟು ವಾರವಾರ ಬಸ್ ಹತ್ತುವುದು ಎಷ್ಟು ಮಂದಿ ತಾಯಂದಿರಿಗೆ ಸಾಧ್ಯ?

ಕಾಗದದ ಮೇಲೂ ಈ ಮಕ್ಕಳು ಸುಲಭವಾಗಿ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರಲ್ಲಿ ‘ವಾಕ್ ಮತ್ತು ಭಾಷಾ ವೈಕಲ್ಯ’ವೂ ಇದೆ. ಆದರೆ ಕಾಯ್ದೆಯ ವ್ಯಾಖ್ಯೆ ಹೇಳುವುದು ದೈಹಿಕ ಅಥವಾ ನರಸಂಬಂಧಿ ಕಾರಣದಿಂದ ಬಂದ ಶಾಶ್ವತ ನ್ಯೂನತೆಯನ್ನು. ಉಗ್ಗುವ, ಉಚ್ಚಾರ ತಪ್ಪುವ ಹೆಚ್ಚಿನ ಮಕ್ಕಳಿಗೆ ಈ ಅಳತೆಯಲ್ಲಿ ಪ್ರಮಾಣಪತ್ರ ಸಿಗುವುದು ಕಷ್ಟ. ಪ್ರಮಾಣಪತ್ರ ನೋಡಿ ಸೌಲಭ್ಯ ಹಂಚುವ ಕಡೆ ಅವರು ಲೆಕ್ಕಕ್ಕೇ ಬರುವುದಿಲ್ಲ. ತರಗತಿಯಲ್ಲಿ ಓದಲು ನಿಲ್ಲಿಸಿದಾಗ ಬಾಯಿ ಬಿಡದ ಮಗುವಿಗೆ ‘ದಡ್ಡ’ ಎಂಬ ಹೆಸರು ಮಾತ್ರ ಬೇಗ ಅಂಟುತ್ತದೆ.

ಡಿಜಿಟಲ್ ಸಾಧನಗಳಿಗೆ ಇಲ್ಲಿ ನಿಜವಾದ ಕೆಲಸವಿದೆ. ಆದರೆ ನಗರದ ಮಾದರಿಯನ್ನು ಹಾಗೇ ತಂದು ಕೂರಿಸಿದರೆ ನಡೆಯದು. ತಜ್ಞರು ಅಲ್ಲಿ, ಮಗು ಇಲ್ಲಿ, ನಡುವೆ ನೇರ ವಿಡಿಯೊ ಕರೆ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಕರೆಂಟಿನ ಪಾಡು ಬೇರೆ. ಇದರ ಜೊತೆಗೆ ಹೆಚ್ಚು ಚರ್ಚೆಯಾಗದ ತೊಡಕೊಂದಿದೆ. ಹಳೆಯ ಮಾದರಿಯ ಫೋನ್ ಕರೆ ಸಾಗಿಸುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ‘ಸ’ಕಾರದ ಸದ್ದಿನ ಮುಖ್ಯಭಾಗ ಇರುವುದು 4,000 ಹರ್ಟ್ಸ್‌ಗಿಂತ ಮೇಲೆ. ಸಿಗ್ನಲ್ ಸೊರಗಿದಾಗ ಇಂಟರ್ನೆಟ್ ಕರೆಯಲ್ಲೂ ಧ್ವನಿ ಕಲಸಿಹೋಗುತ್ತದೆ. ಅಂದರೆ ತಿದ್ದಬೇಕಾದ ಅಕ್ಷರವೇ ತಜ್ಞರ ಕಿವಿಗೆ ಸರಿಯಾಗಿ ಮುಟ್ಟುವುದಿಲ್ಲ!

ಆದ್ದರಿಂದ ಈ ತಾಲ್ಲೂಕುಗಳಿಗೆ ಹೊಂದುವುದು ‘ರೆಕಾರ್ಡ್ ಮಾಡಿ ಕಳಿಸುವ’ ಕ್ರಮ. ಶಾಲೆಯ ಶಾಂತ ಕೋಣೆಯಲ್ಲಿ ಮಗುವಿನ ತುಟಿ, ನಾಲಿಗೆ ಕಾಣುವಂತೆ ಕೆಲವು ನಿಮಿಷದ ವಿಡಿಯೊ ತೆಗೆದುಕೊಂಡು, ಪೇಟೆಗೆ ಬಂದಾಗ ಗುಣಮಟ್ಟ ಕುಗ್ಗದಂತೆ ಕಳಿಸಬಹುದು. ತಜ್ಞರು ಅದನ್ನು ನಾಲ್ಕು ಸಲ ಕೇಳಿ, ಮುಂದಿನ ವಾರದ ಅಭ್ಯಾಸವನ್ನು ಅದೇ ದಾರಿಯಲ್ಲಿ ಮರಳಿಸಬಹುದು. ಮುಖಾಮುಖಿ ತಪಾಸಣೆ ಆಗಲೂ ಬೇಕು, ಕಿವಿಯ ಪರೀಕ್ಷೆಯಂತೂ ಮೊದಲು ಆಗಲೇಬೇಕು. ಆದರೆ ಹತ್ತು ಪ್ರಯಾಣದ ಜಾಗದಲ್ಲಿ ಒಂದೆರಡು ಸಾಕಾದೀತು.

ಮಗುವಿಗೂ ತಜ್ಞರಿಗೂ ನಡುವೆ ಸೇತುವೆ ಯಾರಾಗಬೇಕು? ಸಮಗ್ರ ಶಿಕ್ಷಣದಡಿ ಇರುವ, ಇಲಾಖೆಯಲ್ಲಿ ಬಿಐಇಆರ್‌ಟಿ ಎಂದೇ ಕರೆಸಿಕೊಳ್ಳುವ, ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಇನ್ನು ತಜ್ಞರ ಕಡೆ ನೋಡಿದರೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೂರದಿಂದಲೇ ಚಿಕಿತ್ಸೆ ಕೊಡುವ ಅನುಭವವಿದೆ. ಸಿದ್ದಾಪುರದ ಪಕ್ಕದ ಸಾಗರದವರೆಗೂ ಅದರ ಸೇವಾ ಕೇಂದ್ರ ಬಂದಿದೆ. ಜಿಲ್ಲೆಯ ಗಡಿ ದಾಟಿ ಅದು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಬರಲು ಇಲಾಖೆಗಳ ನಡುವೆ ಒಂದು ಒಪ್ಪಂದ ಬೇಕು.

ಇನ್ನು ಭಾಷೆ. ನನಗೆ ಹೆಚ್ಚು ಕಳವಳ ಇರುವುದು ಇಲ್ಲೇ. ಹವ್ಯಕರ ಮನೆಯ ಮಾಣಿ ‘ಇಲ್ಲ’ ಅನ್ನಲು ‘ಇಲ್ಲೆ’ ಎಂದರೆ ಅದು ದೋಷವಲ್ಲ, ಅವನ ಮನೆಮಾತು. ಯಲ್ಲಾಪುರದ ಸಿದ್ದಿ ಮಗು ಮನೆಯಲ್ಲಿ ಆಡುವುದು ತಮ್ಮದೇ ಬಗೆಯ ಕೊಂಕಣಿ. ಗೌಳಿಗರ ಮಗುವಿನದು ಮರಾಠಿಗೆ ಹತ್ತಿರದ ಮಾತು. ಇಂಥ ಮಗು ಒಂದನೇ ತರಗತಿಯಲ್ಲಿ ಮೌನವಾಗಿದ್ದರೆ ಅದು ಕನ್ನಡದ ಹೊಸತನವೋ, ಮಾತಿನ ತೊಂದರೆಯೋ ಎಂದು ಬೇರ್ಪಡಿಸಬೇಕು. ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಆಪ್ ಇದನ್ನು ತಿಳಿಯದು. ದೊಡ್ಡವರ ಮಾತಿನಿಂದ ಕಲಿತ ಧ್ವನಿಗುರುತು ತಂತ್ರಾಂಶ ಮಕ್ಕಳ ಮಾತಿಗೇ ತಡವರಿಸುತ್ತದೆ, ತೊದಲಿಗೆ ಇನ್ನೂ ಹೆಚ್ಚು. ಮಗುವಿನ ಮಾತಿಗೆ ಸರಿ-ತಪ್ಪಿನ ಅಂಕ ಕೊಡುವ ಅಧಿಕಾರವನ್ನು ಅದಕ್ಕೆ ಬಿಟ್ಟುಕೊಡಬಾರದು.

ಬೇಕಾದ ಸಾಮಗ್ರಿಯನ್ನು ಇಲ್ಲೇ ಮಾಡಿಕೊಳ್ಳಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಚಿತ್ರಕಥೆಗಳು ಉಚಿತ; ಇಳಿಸಿಕೊಳ್ಳಬಹುದು, ಬೇರೆ ಮಾತಿಗೆ ತಿರುಗಿಸಬಹುದು. ಅಡಿಕೆ, ಸೌದೆ, ಹಲಸು, ಕಂಬಳಿಕೊಪ್ಪೆ ಇರುವ ಚಿತ್ರಪಟ್ಟಿಗೆ ಊರಿನ ಶಿಕ್ಷಕಿಯ ದನಿ ಸೇರಿಸಿ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ನೆಟ್‌ವರ್ಕಿನ ಹಂಗಿಲ್ಲ. ಮಾತೇ ಬರದ ಮಕ್ಕಳಿಗೆ ಚೆನ್ನೈನ ‘ಅವಾಜ್’, ಐಐಟಿ ಬಾಂಬೆಯ ‘ಜೆಲ್ಲೋ’ದಂಥ ಚಿತ್ರ ಮುಟ್ಟಿ ಮಾತಾಡಿಸುವ ಆಪ್‌ಗಳಿವೆ. ಮಕ್ಕಳ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಲೆಯದಂತೆ ಪೋಷಕರ ಲಿಖಿತ ಒಪ್ಪಿಗೆ, ಇಲಾಖೆಯದೇ ಸಂಗ್ರಹ ವ್ಯವಸ್ಥೆ ಕಡ್ಡಾಯವಾಗಲಿ.

ಸರ್ಕಾರ ಹಣ ಹಾಕುವುದಾದರೆ ಟ್ಯಾಬ್ಲೆಟ್ ಖರೀದಿಗಿಂತ ಮೊದಲು ಶಿರಸಿಯಲ್ಲಿ ಒಬ್ಬ ಕಾಯಂ ವಾಕ್ ತಜ್ಞರ ಹುದ್ದೆಗೆ ಹಾಕಲಿ. ಅವರು ಸರದಿಯಂತೆ ಸಿದ್ದಾಪುರ, ಯಲ್ಲಾಪುರದ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಗೆ (ಬಿಆರ್‌ಸಿ) ಹೋಗಲಿ, ಉಳಿದ ದಿನ ಬಂದ ವಿಡಿಯೊಗಳನ್ನು ಕೇಳಲಿ. ಜೂನ್‌ನ ದಾಖಲಾತಿ ಹೊತ್ತಿಗೇ ಒಂದನೇ ತರಗತಿಯ ಪ್ರತಿ ಮಗುವಿನ ಕಿವಿ, ಮಾತು ಎರಡನ್ನೂ ಪರೀಕ್ಷಿಸುವಂತಾದರೆ ಚಿಕಿತ್ಸೆಗೆ ಇಡೀ ವರ್ಷ ಸಿಗುತ್ತದೆ.