ಚೆಂಡು ಬಂತು, ಮೈದಾನ ಯಾರದ್ದು?



ಇಂದಿರಾನಗರ ಅಂದರೆ ನೂರಡಿ ರಸ್ತೆ, ಹೋಟೆಲು, ಝಗಮಗಿಸುವ ದೀಪ. ಊರು ತಿಳಿದಿರುವುದು ಇಷ್ಟೇ. ಆ ದೀಪಗಳ ಹಿಂದೆ ನಮ್ಮ ಜನ ಇದ್ದಾರೆ. ಅದೇ ರಸ್ತೆ ಗುಡಿಸುವವರು, ಅಲ್ಲಿನ ಮನೆಗಳಲ್ಲಿ ಪಾತ್ರೆ ತಿಕ್ಕುವವರು, ಗಾರೆ ಕೆಲಸದವರು. ಇವರ ಮಕ್ಕಳು ಸೇರಿ ಫುಟ್‌ಬಾಲ್ ತಂಡ ಕಟ್ಟಿಕೊಂಡು ಕೆಲವು ತಿಂಗಳಾಯಿತು. ಶುರುವಿನಲ್ಲಿ ಇದ್ದದ್ದು ಒಂದೇ ಚೆಂಡು, ಅದೂ ಹೊಲಿಗೆ ಬಿಟ್ಟದ್ದು. ಈಗ ವಾರಕ್ಕೆ ಮೂರು ದಿನ ಆಟ, ಭಾನುವಾರ ಸಭೆ, ಒಂದು ಹಾಜರಿ ಪುಸ್ತಕ, ಒಂದು ಲೆಕ್ಕದ ಪುಸ್ತಕ. ಇಷ್ಟೇನಾ ಅನ್ನಬೇಡಿ. ಲೆಕ್ಕದ ಪುಸ್ತಕ ನಮ್ಮ ಮಕ್ಕಳ ಕೈಯಲ್ಲೇ ಇದೆ.

ಆಟ ನಮಗೆ ಹೊಸದಲ್ಲ. ಪಕ್ಕದ ಹಲಸೂರಿನ ಗೌತಮಪುರದಲ್ಲಿ ಬುದ್ಧ, ಬಾಬಾಸಾಹೇಬರ ಜೊತೆಗೆ ಪೆಲೆಯ ಪ್ರತಿಮೆಯೂ ನಿಂತಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಆ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಬೂಟಿಲ್ಲ ಅಂತ ನಾಚುವ ಹುಡುಗರಿಗೆ ಇದನ್ನು ಹೇಳಿದೆವು. ಹಾಗಂತ ಬೂಟು ಬೇಡ ಅಂತಲ್ಲ!

ಆದರೆ ಚೆನ್ನಾಗಿ ಆಡಿದ ಮಾತ್ರಕ್ಕೆ ಜಾತಿ ಬಿಟ್ಟೀತೇ? ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಅವರು ಎಸೆದ ಚೆಂಡನ್ನು ಹಿಡಿಯುತ್ತಿದ್ದ ಕೈಗಳೇ ಟೀ ಹೊತ್ತಿಗೆ ಅವರನ್ನು ಹೊರಗೆ ನಿಲ್ಲಿಸಿ ಬೇರೆ ಮಣ್ಣಿನ ಕುಡಿಕೆಯಲ್ಲಿ ಕೊಟ್ಟವು. ಮುಂದೆ 1920ರಲ್ಲಿ, ನಾಯಕತ್ವದಲ್ಲಿ ಅನ್ಯಾಯವಾಯಿತೆಂದು ಅವರ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಹಿಂದೂ ತಂಡದಿಂದ ಹೊರಬಂದರು. 1923ರಲ್ಲಿ ವಿಠ್ಠಲ್ ಅದೇ ತಂಡದ ನಾಯಕರಾದರು. ಬೌಲಿಂಗಿನಿಂದ ಆಗದ್ದು ಹೊರಗೆ ನಡೆದು ಬಂದಿದ್ದರಿಂದ ಆಯಿತು ಅನ್ನುವುದು ನಮ್ಮ ಎಣಿಕೆ.

ಇದೆಲ್ಲ ಯಾಕೆ ಹೇಳುತ್ತಿದ್ದೇವೆ ಅಂದರೆ, ನಮ್ಮ ಮಕ್ಕಳ ಆಟ ನೋಡಿ ಕೆಲವರು ಸಹಾಯ ಮಾಡಲು ಬಂದರು. ಒಳ್ಳೆಯ ಜನವೇ. ಅಂಗಿ ಕೊಡ್ತೀವಿ ಅಂದರು, ಎದೆ ಮೇಲೆ ಅವರ ಹೆಸರು. ಜೊತೆಗೆ ಒಂದು ಯೋಜನೆ. ಆಫ್ರಿಕಾದ ನೈರೋಬಿಯಲ್ಲಿ ಮಾತರೆ ಅನ್ನುವ ಬಡವರ ಬಡಾವಣೆ ಇದೆ. ಅಲ್ಲಿ 1987ರಲ್ಲಿ ಹುಟ್ಟಿದ ಮಕ್ಕಳ ಕ್ರೀಡಾ ಸಂಘದಲ್ಲಿ ಕಸ ಎತ್ತಿದ ತಂಡಕ್ಕೆ ಲೀಗಿನಲ್ಲಿ ಪಾಯಿಂಟು ಸಿಗುತ್ತದೆ. ಇಲ್ಲೂ ಹಾಗೇ ಮಾಡೋಣ ಅಂದರು.

ಮಾತರೆಯ ಮಕ್ಕಳು ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ಭಾನುವಾರದ ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು: 'ನಮ್ಮಮ್ಮ ದಿನಾ ಬೆಳಿಗ್ಗೆ ಅದನ್ನೇ ಮಾಡ್ತಾಳೆ. ಅವಳಿಗೆ ಯಾರು ಪಾಯಿಂಟ್ ಕೊಟ್ರು?' ಬಂದವರಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲೂ ಇರಲಿಲ್ಲ. ಜಾತಿ ಹೊರಿಸಿದ ಪೊರಕೆಯನ್ನು ಆಟದ ನೆಪದಲ್ಲಿ ಮತ್ತೆ ನಮ್ಮ ಮಕ್ಕಳ ಕೈಗೇ ಕೊಡುವುದಾ? ಆಗಲ್ಲ ಅಂತ ತೀರ್ಮಾನವಾಯಿತು. ಶಾಲೆ ಬಿಟ್ಟ ಜೊತೆಗಾರರನ್ನು ಮತ್ತೆ ಶಾಲೆಗೆ ಕರೆತಂದ ತಂಡಕ್ಕೆ ಪಾಯಿಂಟು. ಇದನ್ನು ಮಕ್ಕಳೇ ಗೊತ್ತು ಮಾಡಿದರು. ಅಂಗಿ ಇನ್ನೂ ಬಂದಿಲ್ಲ.

ನಮ್ಮ ತಪ್ಪನ್ನೂ ಬರೆಯಬೇಕು. ಮೊದಲ ಸಮಿತಿಯಲ್ಲಿ ಹುಡುಗಿಯರೇ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಆಟ ಅಂತ ಇಟ್ಟೆವು, ಹುಡುಗಿಯರು ಬರಲಿಲ್ಲ. ಆಸಕ್ತಿ ಇಲ್ಲ ಅಂದುಕೊಂಡೆವು. ಆರಕ್ಕೆ ತಾಯಿ ಗುಡಿಸಲು ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಯಾರು ಅಂತ ಕೇಳುವ ಬುದ್ಧಿ ನಮಗೆ ಬರಲಿಲ್ಲ. ಈಗ ಆಟ ಸಂಜೆಗೆ. ಚಿಕ್ಕ ಮಕ್ಕಳು ಗೆರೆಯ ಆಚೆ ಕೂತು ಕಡಲೆಕಾಯಿ ತಿನ್ನುತ್ತಾರೆ, ಚೆಂಡು ಹೊರಗೆ ಬಂದರೆ ಓಡಿ ಹೋಗಿ ತರುತ್ತಾರೆ. ಸಮಿತಿಯಲ್ಲಿ ಅರ್ಧ ಹುಡುಗಿಯರು. ಕೆಲವು ಹುಡುಗರು ಗೊಣಗುತ್ತಿದ್ದಾರೆ, ಗೊಣಗಲಿ.

ಉಳಿದದ್ದು ಮೈದಾನ. ನಾವು ಆಡುವ ಬಯಲಿಗೆ ಈಗ ಬೇಲಿ ಬಂದಿದೆ, ಸಂಜೆ ಬೀಗ ಬೀಳುತ್ತದೆ. ಇತ್ತ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೆ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡಬಹುದು. ಒಂದು ಗಂಟೆಯ ಬಾಡಿಗೆಗೆ ತಾಯಿ ಎಷ್ಟು ದಿನ ಪಾತ್ರೆ ತಿಕ್ಕಬೇಕು? ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡಲು 1985ರಲ್ಲೇ ರಾಜ್ಯದಲ್ಲಿ ಕಾಯ್ದೆ ಬಂದಿದೆ. ಕಾಯ್ದೆ ಯಾರಿಗಾಗಿ ಅಂತ ಹೋಗಿ ಕೇಳಬೇಕು.

ಅರ್ಜಿ ಸಿದ್ಧವಾಗಿದೆ, ಮಕ್ಕಳೇ ಬರೆದಿದ್ದಾರೆ. ಬರುವ ಸೋಮವಾರ ಕೊಡಲು ಹೋಗುತ್ತೇವೆ. ಕೂಲಿ ತಪ್ಪಿಸಿಕೊಳ್ಳಲು ಆಗದವರು ಇಂದೇ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಹೋಗಿ. ಈ ಸಂಚಿಕೆ ಮಾರಿದ ದುಡ್ಡಿನಲ್ಲಿ ಕಾಗದದ ಖರ್ಚು ಕಳೆದು ಉಳಿದದ್ದು ಎರಡನೇ ಚೆಂಡಿಗೆ.

ಜೈ ಭೀಮ್.