ಸಾರಾಂಶ ಗುಮಾಸ್ತರ ಕೆಲಸವಲ್ಲ

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ನನ್ನ ಸಂಶೋಧನೆಯ ವಿಷಯ ಹೇಳಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ನಕ್ಕರು. ‘ವೈದ್ಯಕೀಯ ಲೇಖನಗಳ ಸಾರಾಂಶದ ಭಾಷೆಯ ಮೇಲೆ ಪಿಎಚ್‌ಡಿನಾ? ಸಾರಾಂಶ ಬರೆಯೋದು ಗುಮಾಸ್ತರ ಕೆಲಸ. ಅದರಲ್ಲಿ ಭಾಷೆ ಎಲ್ಲಿದೆ? ಬರೀ ಖಾನೆ ತುಂಬೋದು’ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಮಾರ್ಗದರ್ಶಕರ ಸಾಲಿನಲ್ಲಿ ಕೂತವರ ಎದುರು ವಾದ ಮಾಡುವ ಧೈರ್ಯ ಸಂಶೋಧನಾ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬರುವುದು ಊಟದ ಸಾಲಿನಲ್ಲಿ ನಿಂತಾಗ. ಅಲ್ಲಿ ಹೊಳೆದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗೆಳತಿಯೊಬ್ಬಳು ಪ್ರಸೂತಿ ವಿಭಾಗದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಗ ಒಂದು ರಾತ್ರಿ ವಾಟ್ಸಾಪಿನಲ್ಲಿ ಎರಡು ಸ್ಕ್ರೀನ್‌ಶಾಟ್ ಕಳಿಸಿದಳು. ಎರಡೂ ಸಂಶೋಧನಾ ಲೇಖನಗಳ ಸಾರಾಂಶ. ಕೆಳಗೆ ಒಂದು ಸಾಲು: ‘ನೀನು ಭಾಷೆ ಓದ್ತಿದೀಯಲ್ಲ, ಇವೆರಡರಲ್ಲಿ ಯಾವುದನ್ನ ನಂಬಲಿ ಹೇಳು.’ ಮರುದಿನ ಬೆಳಿಗ್ಗೆ ಅವಳು ತನ್ನ ವಿಭಾಗದಲ್ಲಿ ಇವನ್ನು ಮಂಡಿಸಬೇಕಿತ್ತು. ನಡುವೆ ನೈಟ್ ಡ್ಯೂಟಿ. ಲೇಖನಗಳನ್ನು ಪೂರ್ತಿ ಓದಲು ಅವಳಿಗಿದ್ದ ಸಮಯ, ಎರಡು ಹೆರಿಗೆಗಳ ನಡುವಿನ ಚಹಾದಷ್ಟು.

ಎರಡೂ ಲೇಖನಗಳ ವಿಷಯ ಒಂದೇ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿರುವ ತಾಯಂದಿರಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿತು ಮಗು ಬದುಕುತ್ತದೆಯೇ? 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಆಕ್ಟ್ ಎಂಬ ಪ್ರಯೋಗ ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಜನನಗಳನ್ನು ನೋಡಿತು. ಭಾರತದಲ್ಲಿ ಅದು ನಡೆದ ಜಾಗಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಚುಚ್ಚುಮದ್ದಿನ ಬಳಕೆಯನ್ನು ಹೆಚ್ಚಿಸಿದ ಪ್ರದೇಶಗಳಲ್ಲಿ ಸಾವಿರ ಜೀವಂತ ಜನನಗಳಿಗೆ 27.4 ಶಿಶುಗಳು 28 ದಿನಗಳೊಳಗೆ ಸತ್ತವು. ಉಳಿದ ಪ್ರದೇಶಗಳಲ್ಲಿ 23.9. ಅಂದರೆ ಒಳ್ಳೆಯದಾಗುವ ಬದಲು ಕೆಟ್ಟದ್ದೇ ಆಯಿತು. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಕ್ಷನ್-1 ಪ್ರಯೋಗ ಬಂತು. ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳು, 2,852 ತಾಯಂದಿರು. ಅಲ್ಲಿ ಚುಚ್ಚುಮದ್ದು ಪಡೆದವರ ಶಿಶುಗಳಲ್ಲಿ ಶೇ. 19.6 ಸತ್ತವು, ಪಡೆಯದವರಲ್ಲಿ ಶೇ. 23.5. ಇಪ್ಪತ್ತೈದು ತಾಯಂದಿರಿಗೆ ಕೊಟ್ಟರೆ ಒಂದು ಮಗು ಹೆಚ್ಚಾಗಿ ಉಳಿಯುತ್ತದೆ ಎಂಬ ಲೆಕ್ಕ.

ಔಷಧ ಒಂದೇ. ಒಂದು ಕಡೆ ಸಾವು ಹೆಚ್ಚಿತು, ಇನ್ನೊಂದು ಕಡೆ ಇಳಿಯಿತು. ಯಾವುದನ್ನು ನಂಬುವುದು?

ಎರಡನ್ನೂ ನಂಬಬೇಕು. ವ್ಯತ್ಯಾಸ ಇರುವುದು ಔಷಧದಲ್ಲಲ್ಲ, ಜಾಗದಲ್ಲಿ ಮತ್ತು ಜನರಲ್ಲಿ. ಮೊದಲನೆಯದು ಹಳ್ಳಿ, ಅರೆಪಟ್ಟಣಗಳಲ್ಲಿ ಎಲ್ಲ ಹಂತದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ್ದು. ಗರ್ಭಕ್ಕೆ ಎಷ್ಟು ವಾರ ಎಂಬುದೇ ಅಲ್ಲಿ ಎಷ್ಟೋ ಸಲ ಅಂದಾಜು. ಹಾಗಾಗಿ ಚುಚ್ಚುಮದ್ದು ಪಡೆದ ಅನೇಕರಿಗೆ ಹೆರಿಗೆಯಾದದ್ದು ದಿನ ತುಂಬಿದ ಮೇಲೆಯೇ. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಾಗಿ ಕಂಡಿತು. ಎರಡನೆಯದು ದೊಡ್ಡ ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್‌ನಿಂದ ವಾರ ಖಚಿತಪಡಿಸಿಕೊಂಡು, 26ರಿಂದ 33 ವಾರ ತುಂಬಿದವರನ್ನಷ್ಟೇ ಆರಿಸಿಕೊಂಡು ನಡೆಸಿದ್ದು. ತಾಲ್ಲೂಕು ಕೇಂದ್ರದಿಂದ ದೂರದಲ್ಲಿರುವ ವೈದ್ಯರಿಗೆ ಬೇಕಾದ ಮೊದಲ ಮಾಹಿತಿ ‘ಕೆಲಸ ಮಾಡಿತೇ’ ಎಂಬುದಲ್ಲ. ‘ಎಲ್ಲಿ, ಯಾರಿಗೆ ಕೆಲಸ ಮಾಡಿತು’ ಎಂಬುದು.

ಆ ಮಾಹಿತಿ ಎರಡೂ ಸಾರಾಂಶಗಳಲ್ಲಿ ಇತ್ತು. ಬಚ್ಚಿಟ್ಟಿರಲಿಲ್ಲ. ಆದರೆ ಅದಕ್ಕೆ ತನ್ನದೇ ಖಾನೆ ಇರಲಿಲ್ಲ. ‘ವಿಧಾನ’ ಎಂಬ ದೊಡ್ಡ ಕೋಣೆಯೊಳಗಿನ ಉದ್ದ ವಾಕ್ಯವೊಂದರ ನಡುವೆ ಸಿಕ್ಕಿಕೊಂಡಿತ್ತು. ರಾತ್ರಿ ಎರಡು ಗಂಟೆಗೆ ಮೊಬೈಲ್ ಪರದೆಯ ಮೇಲೆ ಬೆರಳಾಡಿಸುವ ಕಣ್ಣು ನೇರ ಕೊನೆಯ ಸಾಲಿಗೆ, ಅಂದರೆ ತೀರ್ಮಾನಕ್ಕೆ, ಜಾರುತ್ತದೆ. ನನ್ನ ಗೆಳತಿಯ ಕಣ್ಣೂ ಹಾಗೇ ಜಾರಿತ್ತು. ಅದು ಅವಳ ಸೋಮಾರಿತನ ಎನ್ನುವವರು ಒಂದು ವಾರ ನೈಟ್ ಡ್ಯೂಟಿ ಮಾಡಿ ಬಂದು ಹೇಳಲಿ.

ಈ ಸಮಸ್ಯೆ ಹೊಸದಲ್ಲ, ಪರಿಹಾರವೂ ಹೊಸದಲ್ಲ. 1987ರಲ್ಲಿ ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ತಜ್ಞರ ಗುಂಪು ಒಂದು ಪ್ರಸ್ತಾಪ ಇಟ್ಟಿತು. ಅದರ ಹಿಂದೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬ್ರಯಾನ್ ಹೇನ್ಸ್ ಅಂಥವರಿದ್ದರು. ಅವರ ಮಾತು ಸರಳ. ಚಿಕಿತ್ಸೆಗೆ ಸಂಬಂಧಿಸಿದ ಲೇಖನದ ಸಾರಾಂಶ ಒಂದೇ ಉಸಿರಿನ ಪ್ಯಾರಾ ಆಗಿರಬಾರದು. ಉದ್ದೇಶ, ಅಧ್ಯಯನದ ವಿನ್ಯಾಸ, ನಡೆದ ಜಾಗ, ರೋಗಿಗಳು ಯಾರು, ಏನು ಕೊಟ್ಟರು, ಏನು ಅಳೆದರು, ಏನು ಸಿಕ್ಕಿತು, ತೀರ್ಮಾನ ಏನು ಎಂದು ಬೇರೆ ಬೇರೆ ತಲೆಬರಹ ಇರಬೇಕು. ‘ಜಾಗ’ಕ್ಕೆ ಪ್ರತ್ಯೇಕ ಖಾನೆ ಅಂದೇ ಇತ್ತು, ಗಮನಿಸಿ. ಆಮೇಲೆ ಅನೇಕ ಪತ್ರಿಕೆಗಳು ಅದನ್ನು ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ನಾಲ್ಕು ಕೋಣೆಗಳಿಗೆ ಇಳಿಸಿಬಿಟ್ಟವು. ಮನೆ ಕಟ್ಟಿದರು, ಗೋಡೆ ಉಳಿಸಲಿಲ್ಲ. ನನ್ನ ಮೊದಲ ತಕರಾರು ಇದೇ. ನಮಗೆ ಬೇಕಾದದ್ದು ನಾಲ್ಕು ಕೋಣೆಯ ಸಾರಾಂಶವಲ್ಲ, ಮೊದಲು ಕೇಳಿದ ಆ ಹೆಚ್ಚಿನ ಖಾನೆಗಳು.

ಹುಡುಕಿ ಸಿಗದ ಸಾಕ್ಷ್ಯದ ಬೆಲೆ ಎಷ್ಟು ಎಂದು ತಿಳಿಯಲು ಇದೇ ಚುಚ್ಚುಮದ್ದಿನ ಹಿಂದಿನ ಕಥೆ ಸಾಕು. ಇಂಥ ಸ್ಟೀರಾಯ್ಡ್‌ನಿಂದ ಶಿಶುಗಳು ಉಳಿಯುತ್ತವೆ ಎಂದು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರು. ಆಮೇಲೆ ಇನ್ನಷ್ಟು ಪ್ರಯೋಗಗಳು ನಡೆದವು. ಎಲ್ಲವನ್ನೂ ಒಟ್ಟಿಗೆ ಜೋಡಿಸಿ ನೋಡಿದ ಸಮೀಕ್ಷೆ ಪ್ರಕಟವಾದದ್ದು 1989ರಲ್ಲಿ. ಅಲ್ಲಿಯವರೆಗೆ ಬಹುತೇಕ ಪ್ರಸೂತಿ ತಜ್ಞರಿಗೆ ಇದರ ಬಲ ಗೊತ್ತೇ ಇರಲಿಲ್ಲ. ಉಳಿಯಬಹುದಾಗಿದ್ದ ಸಾವಿರಾರು ಶಿಶುಗಳು ಉಳಿಯಲಿಲ್ಲ. 1993ರಲ್ಲಿ ಶುರುವಾದ ಕಾಕ್ರೇನ್ ಸಂಸ್ಥೆ ಈ ಪ್ರಯೋಗಗಳ ನಕ್ಷೆಯನ್ನೇ ತನ್ನ ಲಾಂಛನ ಮಾಡಿಕೊಂಡಿತು. ಅಡ್ಡಗೆರೆ ಒಂದೊಂದೂ ಒಂದು ಪ್ರಯೋಗ. ಜ್ಞಾನ ಇತ್ತು, ಚೆಲ್ಲಾಪಿಲ್ಲಿಯಾಗಿತ್ತು. ಚೆಲ್ಲಿದ್ದನ್ನು ಕೂಡಿಸುವವರು ಮೊದಲು ನೋಡುವುದು ಸಾರಾಂಶವನ್ನೇ. ಅಲ್ಲಿ ಯಾರಿಗೆ, ಏನು, ಎಷ್ಟು ಎಂಬುದು ಸಿಗದಿದ್ದರೆ ಲೇಖನ ಇದ್ದೂ ಇಲ್ಲದಂತೆ.

ಈಗ ನನ್ನ ಸಾಹಿತ್ಯದ ಗೆಳೆಯರ ಆಕ್ಷೇಪಕ್ಕೆ ಬರುತ್ತೇನೆ. ‘ಖಾನೆಗಳು ಭಾಷೆಯನ್ನು ಕೊಲ್ಲುತ್ತವೆ, ಬರಹ ಅರ್ಜಿ ನಮೂನೆಯಾಗುತ್ತದೆ’ ಎನ್ನುತ್ತಾರೆ. ಈ ಮಾತು ಕನ್ನಡದವರ ಬಾಯಲ್ಲಿ ಬಂದಾಗ ನನಗೆ ಆಶ್ಚರ್ಯ. ಗದುಗಿನ ಭಾರತವನ್ನು ತೆರೆಯಿರಿ. ಪ್ರತಿ ಸಂಧಿಯ ತಲೆಗೆ ಒಂದು ‘ಸೂಚನೆ’. ಮುಂದೆ ಏನು ನಡೆಯುತ್ತದೆ ಎಂದು ಕುಮಾರವ್ಯಾಸ ಅಲ್ಲೇ ಹೇಳಿಬಿಡುತ್ತಾನೆ. ಲಕ್ಷ್ಮೀಶನೂ ಜೈಮಿನಿ ಭಾರತದಲ್ಲಿ ಅದನ್ನೇ ಮಾಡುತ್ತಾನೆ. ಗಮಕಿಗೆ ಬೇಕಾದ ಸಂಧಿ ಬೇಗ ಸಿಗಲಿ, ಕೇಳುವವರಿಗೆ ದಾರಿ ತಿಳಿಯಲಿ. ಸೂಚನೆ ಮೊದಲೇ ಕಥೆ ಹೇಳಿತೆಂದು ಯಾರೂ ಎದ್ದು ಹೋಗಲಿಲ್ಲ. ಆ ಸೂಚನೆಯೂ ಛಂದಸ್ಸಿನ ಕಟ್ಟಿನೊಳಗೇ ಇತ್ತು, ಮಾತ್ರೆ ಎಣಿಸಿಯೇ ಬರೆದದ್ದು. ಷಟ್ಪದಿಯ ಕಟ್ಟನ್ನು ಕೊಂಡಾಡುವ ನಾವು ಸಾರಾಂಶದ ಕಟ್ಟನ್ನು ಕಂಡು ಮೂಗು ಮುರಿಯುವುದೇಕೆ? ಕಟ್ಟು ಎರಡು ಕಡೆಯೂ ಒಂದೇ ಕೆಲಸ ಮಾಡುತ್ತದೆ. ಬೇಡದ್ದನ್ನು ಹೊರಗಿಡುತ್ತದೆ, ಬೇಕಾದದ್ದನ್ನು ತಪ್ಪಿಸಲು ಬಿಡುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಖಾನೆ ಇದ್ದ ಮಾತ್ರಕ್ಕೆ ಅದರೊಳಗೆ ಸತ್ಯ ಬರುತ್ತದೆಯೇ? ಇಲ್ಲ. ಒಪ್ಪುತ್ತೇನೆ. 1999ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಆರು ಹೆಸರಾಂತ ವೈದ್ಯಕೀಯ ಪತ್ರಿಕೆಗಳ ಸಾರಾಂಶಗಳನ್ನು ಒಳಗಿನ ಲೇಖನದೊಂದಿಗೆ ತಾಳೆ ನೋಡಿತು. ಲೇಖನದಲ್ಲಿಲ್ಲದ ಅಥವಾ ಅದಕ್ಕೆ ಹೊಂದದ ಅಂಕಿಗಳಿದ್ದ ಸಾರಾಂಶಗಳ ಪ್ರಮಾಣ ಪತ್ರಿಕೆಯಿಂದ ಪತ್ರಿಕೆಗೆ ಶೇ. 18ರಿಂದ 68ರವರೆಗೆ ಇತ್ತು. 2010ರಲ್ಲಿ ಫ್ರಾನ್ಸಿನ ಇಸಬೆಲ್ ಬುತ್ರೋ ಮತ್ತು ಸಂಗಡಿಗರು ಮುಖ್ಯ ಫಲಿತಾಂಶ ಸಿದ್ಧವಾಗದ 72 ಪ್ರಯೋಗಗಳ ವರದಿ ನೋಡಿದರು. 42 ಸಾರಾಂಶಗಳ ತೀರ್ಮಾನದಲ್ಲಿ ಸೋಲನ್ನು ಗೆಲುವಿನಂತೆ ಬಣ್ಣ ಬಳಿದು ಹೇಳಲಾಗಿತ್ತು. ಇಂಥ ಬಣ್ಣದ ಸಾರಾಂಶ ಓದಿದ ವೈದ್ಯರು ಚಿಕಿತ್ಸೆಯನ್ನು ನಿಜಕ್ಕಿಂತ ಹೆಚ್ಚು ಉಪಯುಕ್ತ ಎಂದು ಭಾವಿಸುತ್ತಾರೆ ಎಂಬುದನ್ನೂ ಅದೇ ತಂಡ 2014ರಲ್ಲಿ 300 ವೈದ್ಯರ ಮೇಲೆ ಪ್ರಯೋಗ ಮಾಡಿ ತೋರಿಸಿತು.

ಹಾಗಾದರೆ ಖಾನೆಗಳು ಸೋತವೇ? ನನ್ನ ಓದು ಬೇರೆ. ಇಷ್ಟು ನಿಖರವಾಗಿ ಸುಳ್ಳನ್ನು ಎಣಿಸಲು ಸಾಧ್ಯವಾದದ್ದೇ ‘ಫಲಿತಾಂಶ’ ಒಂದು ಕಡೆ, ‘ತೀರ್ಮಾನ’ ಇನ್ನೊಂದು ಕಡೆ ಇದ್ದದ್ದರಿಂದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬಿರುಕು ಕಾಣುತ್ತದೆ. ಒಂದೇ ಪ್ಯಾರಾದಲ್ಲಿ ‘ಆದಾಗ್ಯೂ’, ‘ಗಮನಾರ್ಹವಾಗಿ’, ‘ಆಶಾದಾಯಕ’ ಎಂಬ ಪದಗಳು ಬಿರುಕಿನ ಮೇಲೆ ಸುಣ್ಣ ಬಳಿದುಬಿಡುತ್ತವೆ. ನಯವಾದ ಗದ್ಯಕ್ಕೆ ಮರೆಸುವ ಶಕ್ತಿ ಇದೆ, ಸಾಹಿತ್ಯ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾಲಿ ಖಾನೆಗೆ ಆ ಶಕ್ತಿ ಇಲ್ಲ. ‘ತೊಂದರೆಗಳು’ ಎಂಬ ತಲೆಬರಹದ ಕೆಳಗೆ ಏನೂ ಬರೆಯದಿದ್ದರೆ ಅದು ಓದುಗರ ಕಣ್ಣಿಗೆ ರಾಚುತ್ತದೆ. 2008ರಲ್ಲಿ ಸಾರಾಂಶಗಳಿಗಾಗಿಯೇ ಬಂದ ಕನ್ಸಾರ್ಟ್ ನಿಯಮಪಟ್ಟಿ ಅಡ್ಡಪರಿಣಾಮ, ಹಣ ಕೊಟ್ಟವರು, ನೋಂದಣಿ ಸಂಖ್ಯೆ ಎಲ್ಲವನ್ನೂ ಕೇಳುವುದು ಇದಕ್ಕೇ.

‘ವೈದ್ಯರಾದವರು ಸಾರಾಂಶವನ್ನಲ್ಲ, ಇಡೀ ಲೇಖನ ಓದಬೇಕು’ ಎಂಬುದು ಮೂರನೆಯ ಮಾತು. ಓದಬೇಕು, ನಿಜ. ಆದರೆ ಎಷ್ಟೋ ಲೇಖನಗಳ ಬಾಗಿಲಿಗೆ ದುಡ್ಡಿನ ಬೀಗ ಇದೆ. ಸಾರಾಂಶ ಮಾತ್ರ ಪಬ್‌ಮೆಡ್‌ನಲ್ಲಿ 1997ರಿಂದ ಎಲ್ಲರಿಗೂ ಪುಕ್ಕಟೆ. ದೊಡ್ಡ ಗ್ರಂಥಾಲಯದ ಚಂದಾ ಇಲ್ಲದ ಊರಿನ ವೈದ್ಯರಿಗೆ ಸಿಗುವ ಸಂಶೋಧನೆ ಎಂದರೆ ಅದೇ ಸಾರಾಂಶ. ಅದನ್ನು ಅಸಡ್ಡೆಯಿಂದ ಬರೆಯುವುದು ಹಿಂದಿನ ಬೆಂಚಿನವರಿಗೆ ಕೇಳದಂತೆ ಪಾಠ ಮಾಡಿದ ಹಾಗೆ.

ಈಗಂತೂ ಯಂತ್ರಗಳೇ ಸಾರಾಂಶ ಬರೆದುಕೊಡುತ್ತವೆ, ಇನ್ನು ಖಾನೆಯ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಅದಕ್ಕೇ ಇನ್ನಷ್ಟು ಬೇಕು. ಯಂತ್ರದ ಗದ್ಯ ಎಂದೂ ತಡವರಿಸುವುದಿಲ್ಲ, ಗೊತ್ತಿಲ್ಲದ ಕಡೆಯೂ ನಯವಾಗಿಯೇ ಸಾಗುತ್ತದೆ. ಅಂಥ ನಯದ ಎದುರು ನಮಗಿರುವ ಕಾವಲು, ‘ಎಷ್ಟು ಜನ? ಎಲ್ಲಿಯವರು? ಯಾವುದಕ್ಕೆ ಹೋಲಿಸಿದಿರಿ?’ ಎಂದು ಒಂದೊಂದಾಗಿ ಕೇಳುವ ಖಾನೆಗಳೇ.

ಹಾಗಾದರೆ ಏನು ಮಾಡಬೇಕು? ಎರಡು ಕೆಲಸ, ಎರಡೂ ನಮ್ಮ ಕೈಯಲ್ಲೇ ಇರುವಂಥವು. ಒಂದು, ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಪ್ರತಿ ಸ್ನಾತಕೋತ್ತರ ವಿದ್ಯಾರ್ಥಿಯೂ ಪ್ರಬಂಧ ಬರೆಯುತ್ತಾರೆ. ಅದರ ಸಾರಾಂಶವನ್ನು ಕೊನೆಯ ರಾತ್ರಿ, ಬೈಂಡಿಂಗ್ ಅಂಗಡಿಗೆ ಓಡುವ ಮುಂಚೆ ಬರೆಯುವುದು ವಾಡಿಕೆ. ಅದನ್ನು ಮೊದಲ ವರ್ಷವೇ ಪಾಠವಾಗಿ ಕಲಿಸಲಿ. ಜಾಗ, ಜನ, ಹೋಲಿಕೆ, ತೊಂದರೆ, ಹಣದ ಮೂಲ ಎಂಬ ಖಾನೆಗಳನ್ನು ಕಡ್ಡಾಯ ಮಾಡಲಿ. ಶೇಕಡಾವಾರು ಹೇಳಿದ ಕಡೆ ನೂರರಲ್ಲಿ ಎಷ್ಟು ಮಂದಿ ಎಂದೂ ಹೇಳಲಿ. ‘ಸಾವಿನ ಅಪಾಯ ಶೇ. 16 ಇಳಿಯಿತು’ ಎಂಬುದಕ್ಕೂ ‘ನೂರು ಶಿಶುಗಳಲ್ಲಿ ಸುಮಾರು ನಾಲ್ಕು ಹೆಚ್ಚಾಗಿ ಉಳಿದವು’ ಎಂಬುದಕ್ಕೂ ಕಿವಿಯಲ್ಲಿ ಎಷ್ಟು ಅಂತರ ನೋಡಿ. ಎರಡೂ ಅದೇ ಆಕ್ಷನ್-1ರ ಲೆಕ್ಕವೇ.

ಎರಡನೆಯದು ಕನ್ನಡ ಬರೆಯುವ ನಮ್ಮ ಕೆಲಸ. ‘ಇದನ್ನು ತಿಂದರೆ ಆ ರೋಗ ಬರುವುದಿಲ್ಲ, ಸಂಶೋಧನೆಯಿಂದ ಸಾಬೀತು’ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಇಲಿಗಳ ಮೇಲೋ ಮನುಷ್ಯರ ಮೇಲೋ, ಹತ್ತು ಜನರೋ ಹತ್ತು ಸಾವಿರವೋ ಎಂದು ಎಷ್ಟೋ ಸಲ ಹೇಳುವುದಿಲ್ಲ. ತಾಯಿ ಮಗುವಿನ ಆರೈಕೆಯ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದ ವೈದ್ಯೆ ಅನುಪಮಾ ನಿರಂಜನರಂಥವರು ನಮ್ಮಲ್ಲಿದ್ದರು. ಆ ಪರಂಪರೆ ಇರುವ ಭಾಷೆಯಲ್ಲಿ ಇಂಥ ಸುದ್ದಿಯ ಕೆಳಗೆ ‘ಯಾರಿಗೆ, ಏನು, ಯಾವುದಕ್ಕೆ ಹೋಲಿಸಿ, ಎಲ್ಲಿ, ಎಷ್ಟು, ಯಾರ ದುಡ್ಡು’ ಎಂಬ ಆರು ಪದಗಳ ಪಟ್ಟಿ ಹಾಕುವುದು ಕಷ್ಟವಲ್ಲ. ಅದಕ್ಕೆ ಹೊಸ ಪಾರಿಭಾಷಿಕ ಪದ ಕಟ್ಟಬೇಕಿಲ್ಲ. ಅಜ್ಜಿ ಪೇಟೆಯಲ್ಲಿ ಕೇಳುವ ಪ್ರಶ್ನೆಗಳೇ ಅವು.

ಆ ರಾತ್ರಿ ನಾನು ಗೆಳತಿಗೆ ಎರಡು ಸಾರಾಂಶಗಳನ್ನೂ ಒಡೆದು ಖಾನೆ ಮಾಡಿ, ಒಂದು ಕಾಗದದ ಮೇಲೆ ಬರೆದು, ಫೋಟೋ ತೆಗೆದು ಕಳಿಸಿದೆ. ನನಗೆ ವೈದ್ಯಕೀಯ ಗೊತ್ತಿಲ್ಲ. ನಾನು ಮಾಡಿದ್ದು ವಾಕ್ಯಗಳನ್ನು ಬಿಡಿಸಿ ಅವುಗಳ ಜಾಗದಲ್ಲಿ ಕೂರಿಸಿದ್ದಷ್ಟೇ. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು: ‘ಅಯ್ಯೋ, ಜಾಗ ಬೇರೆ. ವಾರದ ಲೆಕ್ಕ ಬೇರೆ. ಜಗಳವೇ ಇಲ್ಲ ಇವೆರಡಕ್ಕೂ.’

ಗುಮಾಸ್ತರ ಕೆಲಸವೇ ಇರಬಹುದು, ಸರ್. ಆದರೆ ಗುಮಾಸ್ತರು ಕಡತವನ್ನು ಸರಿಯಾದ ಕಪಾಟಿನಲ್ಲಿ ಇಡದಿದ್ದರೆ ಏನಾಗುತ್ತದೆ ಎಂದು ಒಮ್ಮೆ ತಾಲ್ಲೂಕು ಕಚೇರಿಗೆ ಅಲೆದವರನ್ನು ಕೇಳಿ. ಇಲ್ಲಿ ಕಳೆದುಹೋಗುವುದು ಪಹಣಿಯಲ್ಲ.