ಬೇಸಿಗೆಯೂ ಹಿತ್ತಿಲ ಕೋಳಿಯೂ

ಬೆಟ್ಟದ ಮೇಲಿರುವ ನಮಗೆ ಬಿಸಿಲಿನ ಭಯವಿಲ್ಲ ಎಂಬ ಮಾತು ತಾಳವಾಡಿ ಸೀಮೆಯಲ್ಲಿ ಬಹುಕಾಲದಿಂದ ನಡೆದು ಬಂದಿದೆ. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಬಣ್ಣಾರಿಗೆ ಹೋದವರು ಕೆಳಗಿನ ಧಗೆಯನ್ನು ಬಲ್ಲರು. 2024ರ ಬೇಸಿಗೆಯಲ್ಲಿ ಈರೋಡಿನ ಬಿಸಿಲು 42 ಡಿಗ್ರಿಯನ್ನು ಮುಟ್ಟಿತು. ಅದಕ್ಕೆ ಹೋಲಿಸಿದರೆ ನಮ್ಮ ತಿಗನಾರೆ ತಂಪೇ ಸರಿ. ಆದರೆ ಇದು ಮನುಷ್ಯರ ಲೆಕ್ಕ; ಕೋಳಿಯ ಲೆಕ್ಕ ಬೇರೆ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಕಾವು ಸಹಜವಾಗಿಯೇ 41 ಡಿಗ್ರಿಯಷ್ಟಿರುತ್ತದೆ. ಮೇಲೆ ಗರಿಗಳ ಹೊದಿಕೆ ಬೇರೆ. ಹೊರಗಿನ ಬಿಸಿ 30 ಡಿಗ್ರಿ ದಾಟಿತೆಂದರೆ ಅದು ಬಾಯಿ ತೆರೆದು ಏದುಸಿರು ಬಿಡತೊಡಗುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ. ಉಸಿರಿನೊಡನೆ ನೀರು ಆವಿಯಾಗಿ ಹೋಗುವುದೇ ಅದಕ್ಕಿರುವ ಮುಖ್ಯ ಉಪಾಯ. ಹೀಗೆ ಏದುಸಿರು ಬಿಡುವ ಹೇಂಟೆ ಮೇವು ಕಡಿಮೆ ಮಾಡುತ್ತದೆ, ಮೊಟ್ಟೆ ಕಡಿಮೆ ಇಡುತ್ತದೆ, ಇಟ್ಟ ಮೊಟ್ಟೆಯ ಚಿಪ್ಪೂ ತೆಳುವಾಗುತ್ತದೆ. ಬಿಸಿ ಇನ್ನೂ ಏರಿದರೆ ಭಾರವಾದ ಕೋಳಿಗಳು ಮೊದಲು ಸಾಯುತ್ತವೆ.

"ನಮ್ಮ ಅಜ್ಜಿಯರು ಕೋಳಿ ಸಾಕಲಿಲ್ಲವೇ? ಅವರು ಯಾವ ಉಪಚಾರ ಮಾಡಿದರು?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂದಿನ ಹಿತ್ತಿಲನ್ನೂ ನೆನೆಯಬೇಕು. ಹುಲ್ಲಿನ ಸೂರು, ಮಣ್ಣಿನ ಗೋಡೆ, ಹುಲ್ಲಿನ ಮೆದೆ, ಹುಣಸೆಯ ನೆರಳು, ಬಚ್ಚಲ ನೀರಿನಿಂದ ಸದಾ ಒದ್ದೆಯಾಗಿದ್ದ ಬಾಳೆಯ ಬುಡ ಇವೆಲ್ಲ ಇದ್ದವು. ಕೋಳಿ ತನ್ನ ತಂಪನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಈಗ ಅಂಗಳಕ್ಕೆ ಸಿಮೆಂಟು ಬಂದಿದೆ, ಗೂಡಿಗೆ ತಗಡು ಬಂದಿದೆ. ಪಕ್ಕದವರ ಕೋಸು, ಅರಿಸಿನದ ಪಾತಿ ಕೆದಕೀತೆಂದೂ, ನಾಯಿ, ಹದ್ದು, ಮುಂಗುಸಿ ಹಿಡಿದೀತೆಂದೂ ಹಗಲೆಲ್ಲ ಕೂಡಿಹಾಕುತ್ತೇವೆ. ನಡುಹಗಲಿನಲ್ಲಿ ತಗಡಿನ ಗೂಡು ಕಾದ ಓಡಿನಂತಾಗುತ್ತದೆ. ಅಜ್ಜಿಯ ಕೋಳಿಗಿದ್ದ ಸ್ವಾತಂತ್ರ್ಯವನ್ನು ನಾವು ಕಸಿದುಕೊಂಡ ಮೇಲೆ ನೆರಳನ್ನೂ ನೀರನ್ನೂ ಒದಗಿಸತಕ್ಕ ಹೊಣೆ ನಮ್ಮದೇ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಹಣ ಹೆಚ್ಚು ಬೇಡ. ತಗಡಿನ ಮೇಲೆ ತೆಂಗಿನ ಗರಿಯನ್ನೋ ಕಬ್ಬಿನ ಸೋಗೆಯನ್ನೋ ದಪ್ಪನಾಗಿ ಹೊದಿಸಿದರೆ ಗೂಡಿನೊಳಗಿನ ಕಾವು ಚೆನ್ನಾಗಿ ತಗ್ಗುತ್ತದೆ. ಎದುರುಬದುರು ಎರಡು ಬದಿಗೆ ಹಲಗೆಯ ಬದಲು ಬಲೆ ಕಟ್ಟಿದರೆ ಗಾಳಿಯಾಡುತ್ತದೆ, ಮುಂಗುಸಿಯೂ ಬಾರದು. ಗೂಡಿನ ಸುತ್ತ ನೆಲಕ್ಕೆ ನೀರು ಚಿಮುಕಿಸಬಹುದು. ಆದರೆ ಗಾಳಿಯಾಡದ ಗೂಡಿನೊಳಗೆ ನೀರು ಎರಚತಕ್ಕದ್ದಲ್ಲ. ಗಾಳಿ ತೇವಗೊಂಡರೆ ಕೋಳಿಯ ಉಸಿರಿನ ನೀರು ಆವಿಯಾಗದೆ ಸಂಕಟ ಹೆಚ್ಚುತ್ತದೆ. ಪಡುವಣ ದಿಕ್ಕಿಗೆ ಒಂದು ನುಗ್ಗೆಯನ್ನೋ ಹೊಂಗೆಯನ್ನೋ ನೆಟ್ಟರೆ ಮುಂದಿನ ಬೇಸಿಗೆಗಳಿಗೂ ಆಯಿತು.

ನೀರಿನ ವಿಷಯದಲ್ಲಿಯೇ ನಮ್ಮ ಉದಾಸೀನ ಹೆಚ್ಚು. ಕೋಳಿ ಸಾಧಾರಣ ದಿನಗಳಲ್ಲಿ ತಿಂದ ಮೇವಿನ ಎರಡರಷ್ಟು ತೂಕದ ನೀರು ಕುಡಿಯುತ್ತದೆ. ಬಿರುಬೇಸಿಗೆಯಲ್ಲಿ ಅದರ ಇಮ್ಮಡಿ ಬೇಕಾಗಬಹುದು. ಬಿಸಿಲಲ್ಲಿಟ್ಟ ಪ್ಲಾಸ್ಟಿಕ್ ಬೋಗುಣಿಯ ಬಿಸಿನೀರನ್ನು ಅದು ಮೂಸಿಯೂ ನೋಡದು. ಮಣ್ಣಿನ ಪಾತ್ರೆಗಳನ್ನು ನೆರಳಿನಲ್ಲಿಟ್ಟು ದಿನಕ್ಕೆ ಮೂರು ಸಲ ನೀರು ಬದಲಿಸಬೇಕು. ಮರಿಗಳಿದ್ದರೆ ಪಾತ್ರೆಯಲ್ಲಿ ನಾಲ್ಕು ಬೆಣಚುಕಲ್ಲುಗಳನ್ನು ಹಾಕಿದರೆ ಮುಳುಗುವ ಭಯವಿಲ್ಲ. ಕಾವು ಕೂತ ಹೇಂಟೆ ಎದ್ದು ಬಾರದು. ಅದರ ಬಳಿಯಲ್ಲೇ ನೀರಿಡಬೇಕು.

ಮೇವು ಜೀರ್ಣವಾಗುವಾಗಲೂ ಮೈಯಲ್ಲಿ ಕಾವು ಹುಟ್ಟುತ್ತದೆ. ಆದುದರಿಂದ ರಾಗಿಯನ್ನೋ ಜೋಳವನ್ನೋ ಹೊತ್ತು ಮೂಡುವ ಮೊದಲೂ ಸಂಜೆಯೂ ಹಾಕಿ, ನಡುಹಗಲಿಗೆ ಸೊಪ್ಪು ಮಾತ್ರ ಕೊಡುವುದು ಲೇಸು.

ಕೋಳಿ ಸತ್ತೊಡನೆ "ರೋಗ ಬಂತು" ಎನ್ನುವುದು ರೂಢಿ. ಬಿಸಿಲಿನಿಂದ ಸಾಯುವ ಕೋಳಿ ಹೆಚ್ಚಾಗಿ ಮಧ್ಯಾಹ್ನ, ಸಂಜೆಗಳಲ್ಲಿ ಏದುಸಿರು ಬಿಟ್ಟು ಸಾಯುತ್ತದೆ. ಕೊಕ್ಕರೆ ರೋಗದಲ್ಲಿ ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಸೋಲುವುದು ಕಾಣುತ್ತದೆ, ಅದು ಹಗಲಿರುಳೆನ್ನದು. ಬಿಸಿಲಿಗೆ ಸೋತ ಕೋಳಿಯನ್ನು ನೆರಳಿಗೊಯ್ದು ಕಾಲು, ಜುಟ್ಟುಗಳನ್ನು ತಣ್ಣೀರಿನಿಂದ ಒದ್ದೆ ಮಾಡಬೇಕು. ಗಂಟಲಿಗೆ ಬಲವಂತವಾಗಿ ನೀರು ಹೊಯ್ಯಬಾರದು, ಉಸಿರುಗೊಳವೆಗೆ ಹೋದೀತು. ಕೊಕ್ಕರೆ ರೋಗಕ್ಕಾದರೋ ಬೇಸಿಗೆಗೆ ಮುನ್ನ ಹಾಕಿಸುವ ಲಸಿಕೆಯೊಂದೇ ದಾರಿ.

ಇಲ್ಲಿಯೇ ನಮ್ಮ ಇನ್ನೊಂದು ಮಾತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿ ಉಳಿಯಿತು. ಆ ಚರ್ಚೆ ಈ ಪುಟಕ್ಕೆ ಬೇಡ. ಆದರೆ 'ವೆಳ್ಳೈ ಕಳಿಚ್ಚಲ್' ಎಂದು ತಮಿಳಿನಲ್ಲಿ ಬರೆದುದು ತಾನು ಕಂಡ ಕೊಕ್ಕರೆ ರೋಗವೇ ಎಂದು ಕೋಳಿ ಸಾಕುವ ನಮ್ಮ ಮುದುಕಿಗೆ ತಿಳಿಯುವುದೆಂತು? ನಾಮಕ್ಕಲ್ಲಿನ ದೊಡ್ಡ ಫಾರಂಗಳವರು ಬೇಸಿಗೆಯಲ್ಲಿ ಸೂರಿಗೆ ನೀರು ಚಿಮ್ಮಿಸಿ ತಮ್ಮ ಸಾವಿರಾರು ಕೋಳಿಗಳನ್ನು ಕಾಯುತ್ತಾರೆ. ಅವರಿಗೆ ವಿದ್ಯೆಯೂ ಉಂಟು, ವೈದ್ಯರೂ ಉಂಟು. ಹತ್ತು ಕೋಳಿಯ ಒಡತಿಗೆ ಬೇಕಾದದ್ದು ಕನ್ನಡದ ಒಂದು ಹಾಳೆ. ಪಶುಸಂಗೋಪನೆ ಇಲಾಖೆಯವರು ತಾಳವಾಡಿಯ ಹಳ್ಳಿಗಳಿಗೆಂದು ಬೇಸಿಗೆಯ ಎಚ್ಚರಿಕೆಗಳನ್ನೂ ಲಸಿಕೆಯ ದಿನಗಳನ್ನೂ ತಮಿಳಿನ ಜೊತೆಗೆ ಕನ್ನಡದಲ್ಲಿಯೂ ಅಚ್ಚು ಮಾಡಿಸಲೆಂದು ನಾವು ಕೋರುತ್ತೇವೆ. ಅದು ಬರುವವರೆಗೆ ನಮ್ಮ ಶಾಲೆಯ ಮಕ್ಕಳೇ ತಮಿಳಿನ ಹಾಳೆಯನ್ನು ಮನೆಯಲ್ಲಿ ಓದಿ ಹೇಳಬಹುದು.

ಕೋಳಿಯ ಹಣ ಹೆಣ್ಣುಮಕ್ಕಳ ಕೈಹಣ. ಮಗುವಿನ ಪುಸ್ತಕ, ಜ್ವರದ ಮಾತ್ರೆ, ಹಬ್ಬದ ಎಣ್ಣೆ ಅದರಿಂದಲೇ ಬರುತ್ತದೆ. ಗಂಡನ ಮುಂದೆ ಕೈಯೊಡ್ಡುವ ಕೆಲಸವಿಲ್ಲ. ಒಂದು ಮಧ್ಯಾಹ್ನದಲ್ಲಿ ಆರು ಕೋಳಿ ಸತ್ತರೆ ಮನೆಯ ಯಜಮಾನನಿಗೆ ಅದು ಸಣ್ಣ ನಷ್ಟವೆನಿಸೀತು, ಆಕೆಗೆ ಮಾತ್ರ ವರ್ಷದ ಗಂಟು ಹೋದಂತೆ. ಆದ್ದರಿಂದ ಗಂಡಸರಲ್ಲಿಯೂ ನಮ್ಮ ವಿನಂತಿ: ಶಿವರಾತ್ರಿ ಕಳೆದೊಡನೆ ಹೊಲದಿಂದ ಬರುವಾಗ ಎರಡು ಹೊರೆ ಸೋಗೆ ತನ್ನಿ, ಗೂಡಿನ ತಗಡಿಗೆ ನೀವೇ ಹೊದಿಸಿ. ಅರ್ಧ ದಿನದ ಕೆಲಸ.